ಚಕ್ರವಿಲ್ಲದ ಕಾರು ಓಡಿದ ಹನ್ನೆರಡು ಮೈಲಿ

ನನಗೆ ಆಗ ಹದಿನೇಳು. ಅದಾಗಿ ಅರವತ್ತೆರಡು ವರ್ಷ ಕಳೆಯಿತು. ಸರ್ಕಾರಕ್ಕೆ ತಾನು ಕಟ್ಟುವ ತೆರಿಗೆ ಕಡಿಮೆಯಾಯಿತು ಎಂದು ಕೊರಗಿ ಊಟ ಬಿಟ್ಟವನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಅವನು ನನ್ನ ತಾಯಿಯ ಅಣ್ಣ. ಹೆಸರು ಬೇಡ, ಮಾಮು ಎಂದರೆ ಸಾಕು. ಹೆಸರು ಹೇಳಿದರೆ ಶಿವಮೊಗ್ಗದ ಹಳೆಯ ಡ್ರೈವರುಗಳಲ್ಲಿ ಬದುಕಿರುವ ಒಬ್ಬಿಬ್ಬರು ಈಗಲೂ ನಗುತ್ತಾರೆ.

ಮಾಮುವಿನದು ಒಂದು ಕರಿ ಟ್ಯಾಕ್ಸಿ. ಶಿವಮೊಗ್ಗದಿಂದ ಭದ್ರಾವತಿಗೆ ಹನ್ನೆರಡು ಮೈಲಿ. ದಿನಕ್ಕೆ ನಾಲ್ಕು ಸಲ ಹೋಗುವುದು, ನಾಲ್ಕು ಸಲ ಬರುವುದು. ಸವಳಂಗ ರಸ್ತೆಯಲ್ಲಿ ಇನ್ನೊಬ್ಬನ ಟ್ಯಾಕ್ಸಿ ಇತ್ತು. ಅದು ಹುಣಸೆಮರದ ಕೆಳಗೆ ಮಲಗಿರುತ್ತಿತ್ತು, ಅದರೊಳಗೆ ಅವನು ಮಲಗಿರುತ್ತಿದ್ದ. ಇಬ್ಬರಿಗೂ ರಸ್ತೆ ತೆರಿಗೆ ಒಂದೇ. ಬೇರೆ ಯಾರಾದರೂ ಆಗಿದ್ದರೆ ಒಳಗೊಳಗೇ ಖುಷಿಪಟ್ಟು ಸುಮ್ಮನಿರುತ್ತಿದ್ದರು. ನಮ್ಮ ಮಾಮು ಹೋಗಿ ಅವನನ್ನು ಎಬ್ಬಿಸಿದ.

"ನಿನ್ನ ಪಾಲಿನ ರಸ್ತೇನೂ ನಾನೇ ತಿಂತಿದ್ದೀನಿ ಮಾರಾಯ. ಮಾಫ್ ಮಾಡು."

"ತಿನ್ನು ಮಾರಾಯ. ಬಾಗ್ಲು ಹಾಕ್ಕೊಂಡು ಹೋಗು, ನೊಣ ಬರುತ್ತೆ," ಎಂದು ಅವನು ಮಗ್ಗುಲು ಬದಲಿಸಿದ.

ಅಲ್ಲಿಂದ ಮಾಮು ತೆರಿಗೆ ಕಟ್ಟುವ ಕಚೇರಿಗೆ ಹೋದ. ಓಡಿದಷ್ಟು ಮೈಲಿಗೆ ತೆರಿಗೆ ಹಾಕಿ ಎಂದು ಅರ್ಜಿ ಬರೆಸಿಕೊಂಡಿದ್ದ. ಗುಮಾಸ್ತ ಅದನ್ನು ಎರಡು ಸಲ ಓದಿದ.

"ಎಲ್ರೂ ಇಳಿಸಿ ಅಂತ ಬರ್ತಾರೆ ಸಾಹೇಬ್ರೆ. ನೀವು ಏರಿಸಿ ಅಂತೀರಲ್ಲ."

"ಏರಿಸಿ ಅಂದಿಲ್ಲ, ಅಳೆದು ತಗೊಳ್ಳಿ ಅಂದೆ. ಹಾಲು ಅಳೀತಾರೆ, ಬಟ್ಟೆ ಅಳೀತಾರೆ. ರಸ್ತೆ ಮಾತ್ರ ಅಂದಾಜಿಗಾ?"

"ಅಳೆಯೋರು ಯಾರು?"

"ಕಾರಲ್ಲಿ ಮೀಟರ್ ಇದೆಯಲ್ಲ."

"ಮೀಟರ್ ಸುಳ್ಳು ಹೇಳಿದ್ರೆ?"

ಅದಕ್ಕೆ ಮಾಮು, "ರಸ್ತೆಗೆ ಗೊತ್ತಿರುತ್ತೆ. ಕೊಡದೆ ಇದ್ರೆ ಅದೇ ವಸೂಲಿ ಮಾಡ್ಕೊಳುತ್ತೆ," ಎಂದನಂತೆ. ಗುಮಾಸ್ತ ಅರ್ಜಿ ವಾಪಸು ಕೊಟ್ಟು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡ.

ಸರ್ಕಾರ ತೆಗೆದುಕೊಳ್ಳದಿದ್ದರೆ ಏನು? ಮಾಮು ನೇರವಾಗಿ ರಸ್ತೆಗೇ ಕಟ್ಟತೊಡಗಿದ. ನೂರು ಮೈಲಿಗೆ ಒಂದು ಬುಟ್ಟಿ ಜಲ್ಲಿ. ಶುಕ್ರವಾರ ಹಿತ್ತಲಲ್ಲಿ ತಾನೇ ಕಲ್ಲು ಒಡೆಯುತ್ತಿದ್ದ. ದಾರಿಯಲ್ಲಿ ಗುಂಡಿ ಕಂಡಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಸುರಿದು, ಕಾಲಿನಿಂದ ತುಳಿಯುತ್ತಿದ್ದ. ಕಾರ್ಖಾನೆಗೆ ಹೋಗುವವರು ಒಳಗಿನಿಂದ "ಅಯ್ಯೋ ಸಾಮಿ, ಶಿಫ್ಟ್ ಹೋಯ್ತು" ಎಂದು ಬಾಯಿ ಬಡಿದುಕೊಂಡು, ಕೊನೆಗೆ ತಾವೇ ಇಳಿದು ತುಳಿಯುತ್ತಿದ್ದರು. ಮಾಮುವಿನ ಟ್ಯಾಕ್ಸಿಯಲ್ಲಿ ಬಾಡಿಗೆಯನ್ನೂ ಕೊಡಬೇಕು, ಕೂಲಿಯನ್ನೂ ಮಾಡಬೇಕು ಎಂದು ಮಾತಾಯಿತು. ತುಳಿದಾದ ಮೇಲೆ ಮಾಮು ಬಗ್ಗಿ ನೆಲಕ್ಕೆ ಕಿವಿ ಇಡುತ್ತಿದ್ದ. "ಹೂಂ, ಸಾಕಂತೆ," ಎಂದು ಎದ್ದು ಬರುತ್ತಿದ್ದ. ಅದನ್ನು ನೋಡಿದ ತರಕಾರಿಯವಳೊಬ್ಬಳು ಅಲ್ಲೇ ಇಳಿದು, ಕುಕ್ಕೆ ಹೊತ್ತು ನಡೆದೇ ಹೋದಳು.

ಇಲ್ಲಿಗೆ ಬರೀ ಹುಚ್ಚು. ಮುಂದಿನದು ಹುಚ್ಚೋ ಬೇರೇನೋ, ನೀವೇ ಹೇಳಿ.

ನಮ್ಮ ಅಬ್ಬಾ ಸತ್ತದ್ದು ಅದೇ ಕಾರಿನಲ್ಲಿ, ಅದೇ ರಸ್ತೆಯಲ್ಲಿ. ನನಗೆ ಆಗ ಎಂಟು ವರ್ಷ. ಏಳನೇ ಮೈಲಿಯ ಮೋರಿಯ ಹತ್ತಿರ ಕಾರು ಮಗುಚಿತು. ಓಡಿಸುತ್ತಿದ್ದವನು ಮಾಮು. ಅವನಿಗೆ ಒಂದು ಗೀರೂ ಆಗಲಿಲ್ಲ. ಈ ಮೈಲಿಯ ಹುಚ್ಚು ಹಿಡಿದದ್ದು ಅದಾದ ಮೇಲೆ.

ಹದಿನೇಳಕ್ಕೆ ನನಗೆ ಭದ್ರಾವತಿ ನ್ಯೂ ಟೌನಿನ ಸಂಬಂಧ ಕುದುರಿತು. ಹುಡುಗ ಕಾರ್ಖಾನೆಯಲ್ಲಿ ಫಿಟ್ಟರ್. ಮದುವಣಗಿತ್ತಿಯನ್ನು ತನ್ನ ಕಾರಿನಲ್ಲೇ ಗಂಡನ ಮನೆ ಮುಟ್ಟಿಸುತ್ತೇನೆ ಎಂದು ಮಾಮು ಹಟ ಹಿಡಿದ. ಮದುವೆಗೆ ಒಂದು ವಾರ ಮುಂಚೆ ಕಾರಿಗೆ ಬಣ್ಣ ಹೊಡೆಸಲು ನಾಲ್ಕೂ ಚಕ್ರ ಬಿಚ್ಚಿ, ಇಟ್ಟಿಗೆಯ ಮೇಲೆ ನಿಲ್ಲಿಸಿದರು. ಮಾಮುವಿಗೆ ಹತ್ತಿರದ್ದು ಮಸುಕು. ನಾನು ಕಲಿತದ್ದು ಎರಡನೇ ಕ್ಲಾಸು, ಅಂಕಿ ಬರುತ್ತಿತ್ತು. ಮೀಟರು ಓದುವ ಕೆಲಸ ನನ್ನದು. ಚಕ್ರ ಬಿಚ್ಚಿದ ದಿನ ಕೊನೆಯ ಎರಡಂಕಿ ನಲವತ್ತು.

ಮದುವೆಯ ಬೆಳಿಗ್ಗೆ ಚಕ್ರ ಹಾಕಿದರು. ಮೆಹಂದಿ ಕೈಯಲ್ಲೇ ನನ್ನನ್ನು ಕರೆದರು. ಓದಿದೆ. ಐವತ್ತೆರಡು.

"ಮೀಟರ್ ಹಲ್ಲು ಸವೆದಿದೆ, ಜಾರಿರಬೇಕು," ಎಂದ ಮೆಕ್ಯಾನಿಕ್.

"ಜಾರೋದಾದ್ರೆ ಹನ್ನೆರಡೇ ಯಾಕೆ ಜಾರ್ತು?" ಎಂದ ಮಾಮು.

"ಅದಕ್ಕೇನ್ ಗೊತ್ತು ಭಾಯ್, ಅದು ಮೀಟರು."

ನನಗೆ ದೆವ್ವ ಪಿಶಾಚಿಯ ನಂಬಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಒಂದು ವಾರ ಇಟ್ಟಿಗೆಯ ಮೇಲೆ ನಿಂತ ಕಾರು ಹನ್ನೆರಡು ಮೈಲಿ ಓಡಿತ್ತು. ಓದಿದವಳು ನಾನೇ.

ಮಾಮುವಿನ ಮುಖ ಬೂದಿಯಾಯಿತು. "ಹನ್ನೆರಡು. ಹೋಗೋದು ಮಾತ್ರ, ಬರೋದಿಲ್ಲ. ನಿನ್ನ ಪ್ರಯಾಣದ ಲೆಕ್ಕ ಬೇಟಿ. ರಸ್ತೆ ಮುಂಗಡ ಕೇಳ್ತಿದೆ," ಎಂದ. ನಾನು ನಕ್ಕೆ.

ನನ್ನ ಟ್ರಂಕು, ಪಾತ್ರೆ ಬಸ್ಸಿನ ಮೇಲೆ ಹೋದವು. ಡಿಕ್ಕಿಯಲ್ಲಿ ಹನ್ನೆರಡು ಚೀಲ ಕಲ್ಲು. ಮೈಲಿಗೊಂದು. "ನೂರಕ್ಕೆ ಒಂದಲ್ವಾ ಮಾಮು?" ಎಂದರೆ, "ನಿನ್ನ ವಿಷಯದಲ್ಲಿ ಸಗಟು ಬೇಡ," ಎಂದ. ಹಿಂದೆ ನಾನು, ನನ್ನ ಪಕ್ಕದಲ್ಲಿ ಗಂಡನ ಫುಫು, ಅಂದರೆ ಅವನ ಸೋದರತ್ತೆ. ಮುಂದೆ ಬಾಯಿ ಬಿಡದ ಮದುಮಗ. ಪ್ರತಿ ಮೈಲಿಗೂ ಕಾರು ನಿಂತಿತು. ಪ್ರತಿ ಸಲವೂ ಫುಫು ಕೇಳಿದಳು, "ನಿಮ್ಮ ಕಡೆ ಹುಡುಗಿ ಕರ್ಕೊಂಡು ಹೋಗೋದು ಹೀಗೇನಾ?"

ಏಳನೇ ಮೈಲಿಯ ಮೋರಿ ಬಂತು. ಅಲ್ಲೊಂದು ಗುಂಡಿ, ತುಂಬ ಕೆಸರು ನೀರು. ಮಾಮು ಏಳನೇ ಚೀಲ ಸುರಿದ. ಕಲ್ಲು ಬಿದ್ದ ಸದ್ದೇ ಕೇಳಲಿಲ್ಲ. ನೀರು ಒಂದು ಬೆರಳೂ ಏರಲಿಲ್ಲ. ಎಂಟನೆಯದು ಸುರಿದ, ಒಂಬತ್ತನೆಯದು ಸುರಿದ. ಹನ್ನೆರಡೂ ಮುಗಿದವು, ಗುಂಡಿ ಇದ್ದ ಹಾಗೇ ಇತ್ತು. ಶಿಫ್ಟ್ ಬಿಡುವ ಹೊತ್ತು. ಬಸ್ಸು, ಲಾರಿ, ಸೈಕಲ್ಲು ಸಾಲಾಗಿ ಬರಬೇಕು. ಒಂದೂ ಬರಲಿಲ್ಲ. ಭದ್ರಾವತಿಯ ಚಿಮಣಿ ಹೊಗೆ ದೂರದಲ್ಲಿ ಅಲುಗದೆ ನಿಂತಿತ್ತು.

ಮಾಮು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಇನ್ನೂ ಬೇಕಾ?" ಎಂದು ಕೇಳಿದ. ನಮ್ಮನ್ನಲ್ಲ.

"ಯಾರನ್ನ ಕೇಳ್ತಿದ್ದಾರೆ?" ಎಂದಳು ಫುಫು. ಈ ಸಲ ಅವಳ ದನಿ ಸಣ್ಣಗಿತ್ತು.

ನಾನು ಇಳಿದೆ. ಮದುವಣಗಿತ್ತಿ ಇಳಿಯಬಾರದು, ಇಳಿದೆ. "ಏಳಿ ಮಾಮು. ಹುಚ್ಚು ಸಾಕು," ಎಂದೆ.

ಅವನು ತಲೆ ಎತ್ತಲಿಲ್ಲ. "ಈ ಗುಂಡಿ ನಂಗೆ ಗೊತ್ತಿತ್ತು ಬೇಟಿ. ಕಾರು ಮಗುಚೋ ಒಂದು ತಿಂಗಳು ಮುಂಚಿಂದ ಗೊತ್ತಿತ್ತು. ದಿನಾ ಎಂಟು ಸಲ ಪಕ್ಕಕ್ಕೆ ತಿರುಗಿಸ್ಕೊಂಡು ಹೋಗ್ತಿದ್ದೆ. ಒಂದು ಬುಟ್ಟಿ ಕಲ್ಲು ಹಾಕಿದ್ರೆ ಮುಗೀತಿತ್ತು, ಹಾಕ್ಲಿಲ್ಲ. ಆವತ್ತು ನಿಮ್ಮಬ್ಬಾ ಏನೋ ತಮಾಷೆ ಹೇಳಿದ್ರು, ನಾನು ನಕ್ಕೆ, ತಿರುಗಿಸೋದು ಮರೆತೆ."

ಒಂಬತ್ತು ವರ್ಷ ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ಒಂಬತ್ತು ವರ್ಷ ನಾನು ಅವನನ್ನು ನೋಡಿ ನಕ್ಕಿದ್ದೆ. ಅವನ ಪಕ್ಕದಲ್ಲಿ ಜರಿ ಸೀರೆಯಲ್ಲೇ ಕೂತೆ.

ಆಗ ಮದುಮಗ ಇಳಿದ. ಶೇರ್ವಾನಿ ತೋಳು ಮಡಚಿ ಮೋರಿಯ ಕೆಳಗಿಳಿದು, ಬಿದ್ದಿದ್ದ ದೊಡ್ಡ ಚಪ್ಪಡಿಯೊಂದನ್ನು ಉರುಳಿಸಿಕೊಂಡು ಬಂದ. ಅವನೂ ಮಾಮುವೂ ಸೇರಿ ಅದನ್ನು ಗುಂಡಿಗೆ ತಳ್ಳಿದರು. ಧಪ್ ಎಂದಿತು. ಅಷ್ಟು ಹೊತ್ತಿಗೆ ಗುಂಡಿಯಿಂದ ಕೇಳಿದ ಮೊದಲ ಸದ್ದು ಅದು. ಹಿಂದೆಯೇ ಎಲ್ಲೋ ಬಸ್ಸಿನ ಹಾರ್ನ್ ಕೇಳಿತು.

"ಇನ್ನೂ ಐದು ಮೈಲಿ ಇದೆ. ಕಲ್ಲು ಖಾಲಿ," ಎಂದ ಮಾಮು.

ನನ್ನ ಗಂಡನ ಬಾಯಿಂದ ನಾನು ಕೇಳಿದ ಮೊದಲ ಮಾತು ಇದು: "ನಾನು ಮುಂದೆ ನಡೀತೀನಿ. ಗುಂಡಿ ಇದ್ರೆ ಹೇಳ್ತೀನಿ. ನೀವು ಹಿಂದೆ ಬನ್ನಿ."

ಐದು ಮೈಲಿ ನಡೆದ. ಮುಖದ ಮೇಲೆ ಹೂವಿನ ಸೆಹರಾ ತೂಗಾಡಿಸಿಕೊಂಡು ಕಾರಿನ ಮುಂದೆ ನಡೆಯುವ ಮದುಮಗನನ್ನು ನೋಡಿ, ಶಿವಮೊಗ್ಗದ ಕಡೆಯವರಲ್ಲಿ ಇದೊಂದು ಪದ್ಧತಿ ಎಂದು ನ್ಯೂ ಟೌನಿನವರು ತಿಳಿದರು. ಸಂಜೆಯ ಮಗ್ರಿಬ್ ಬಾಂಗ್ ಹೊತ್ತಿಗೆ ಮನೆ ಮುಟ್ಟಿದೆವು. ಮಾಮು ನನ್ನನ್ನು ಇಳಿಸಿ, ನನ್ನ ತಲೆಯ ಮೇಲೆ ಕೈ ಇಟ್ಟು, ನೀರೂ ಕುಡಿಯದೆ ಕಾರು ತಿರುಗಿಸಿದ.

"ಇಲ್ಲೇ ಇರಿ ಮಾಮು. ನಾಳೆ ಹೋಗಿ."

"ನೀನು ಬಂದು ಸೇರಿದ್ಯಲ್ಲ. ನನ್ನೊಬ್ಬನ್ನ ತಗೊಂಡು ರಸ್ತೆ ಏನ್ ಮಾಡುತ್ತೆ? ಬರ್ತೀನಿ," ಎಂದು ಒಬ್ಬನೇ ಹೋದ.

ಮಾರನೇ ಬೆಳಿಗ್ಗೆ ಮನೆಯವರು ಏಳುವ ಮುಂಚೆ ನಾನು ಎದ್ದೆ. ಹೊಸ ಸೊಸೆ ಹೊಸ್ತಿಲು ದಾಟಬಾರದು. ಚಪ್ಪಲಿ ಸಿಗಲಿಲ್ಲ, ಬರಿಗಾಲಲ್ಲೇ ಬಸ್ ನಿಲ್ಲುವ ಜಾಗಕ್ಕೆ ನಡೆದೆ. ಶಿವಮೊಗ್ಗದಿಂದ ಮೊದಲ ಬಸ್ಸು ಬಂತು. ದಾರಿಯಲ್ಲಿ ಎಲ್ಲಾದರೂ ಕರಿ ಕಾರೊಂದು ಬಿದ್ದಿತ್ತಾ ಎಂದು ಡ್ರೈವರನನ್ನು ಕೇಳಿದೆ.

ಅವನು ನನ್ನ ಮೆಹಂದಿ ನೋಡಿದ, ಕಾಲು ನೋಡಿದ. "ಏನೂ ಇಲ್ಲ ತಾಯಿ. ರಸ್ತೆ ಖಾಲಿ ಇತ್ತು," ಎಂದ.

ಅಂದರೆ ಮಾಮು ಮನೆ ಮುಟ್ಟಿದ್ದ. ಇನ್ನೊಂದು ಸಲ ಹೇಳಿಸಿಕೊಂಡೆ. ಆಮೇಲೆ ಮನೆಗೆ ಬಂದು ಎಲ್ಲರಿಗೂ ಚಹಾ ಇಟ್ಟೆ.