ಮಾಲೀಸು ಕೋಣೆಯ ಮಂದಿ

ನಾನು ಕೆಲಸ ಮಾಡುವ ಕೋಣೆಗೆ ಜನ ನೋವು ಹೊತ್ತುಕೊಂಡೇ ಬರುತ್ತಾರೆ. ಆದರೂ ಯಾಕೋ ಏನೋ, ಆಗಾಗ ಎಣ್ಣೆಯ ಬಟ್ಟಲು ಕೆಳಗಿಟ್ಟು ಗೋಡೆ ಹಿಡಿದು ನಗುವಂಥ ಪ್ರಸಂಗಗಳು ಅಲ್ಲಿ ನಡೆಯುತ್ತಲೇ ಇರುತ್ತವೆ.

ಗೋಪನಕೊಪ್ಪದಲ್ಲಿ ನಮ್ಮದೊಂದು ಸಣ್ಣ ಫಿಸಿಯೊಥೆರಪಿ ಕ್ಲಿನಿಕ್ಕು. ಮುಂದಿನ ಕೋಣೆಯಲ್ಲಿ ಡಾಕ್ಟರು ವ್ಯಾಯಾಮ ಹೇಳಿಕೊಡುತ್ತಾರೆ. ಹಿಂದಿನ ಕೋಣೆಯಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಮಾಲೀಸು ಮಾಡುತ್ತೇವೆ. ಬರುವವರೆಲ್ಲ ಹಳೆಯ ಬೇನೆಯವರು: ಕೀಲು ಹಿಡಿದವರು, ಸಕ್ಕರೆ ಕಾಯಿಲೆಯವರು, ಸೊಂಟದ ಜೊತೆ ಸಂಸಾರ ಮಾಡುತ್ತಿರುವವರು. ಮೊದಲ ದಿನವೇ ಎಲ್ಲರಿಗೂ ಹೇಳಿಬಿಡುತ್ತೇನೆ, "ಇದರಿಂದ ರೋಗ ಹೋಗಂಗಿಲ್ಲರಿ. ನೋವು, ಬಿಗುವು ಒಂದೀಟು ಸಡಲ ಆಗ್ತಾವ, ಅಷ್ಟ. ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಅಂತ. ಎಲ್ಲರೂ ಹೂಂ ಅನ್ನುತ್ತಾರೆ. ಆಮೇಲೆ ಟೇಬಲ್ ಹತ್ತಿ ತಮ್ಮ ತಮ್ಮ ಕಥೆ ಶುರು ಮಾಡುತ್ತಾರೆ.

ನಿದ್ದೆ ಹತ್ತಿದ್ದು

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಬರುತ್ತಿದ್ದರು. ಅವರಿಗೆ ವರ್ಷಗಟ್ಟಲೆಯಿಂದ ಮೈಯೆಲ್ಲ ನೋವು. ರಕ್ತ ಪರೀಕ್ಷೆ ಸರಿ, ಎಕ್ಸ್‌ರೇ ಸರಿ, ಸ್ಕ್ಯಾನಿಂಗೂ ಸರಿ. ಎಲ್ಲ ಸರಿ ಇದ್ದದ್ದೇ ಅವರ ದೊಡ್ಡ ಕಷ್ಟವಾಗಿತ್ತು. "ರಿಪೋರ್ಟಿನ್ಯಾಗ ಏನೂ ಇಲ್ಲಂದ ಮ್ಯಾಲೆ ಎಲ್ಲಿ ನೋವು?" ಎಂದು ಮಂದಿ ಕೇಳಿದರೆ ಏನು ತೋರಿಸುವುದು? ಕೊನೆಗೊಬ್ಬ ಡಾಕ್ಟರು ಇದಕ್ಕೆ ಫೈಬ್ರೊಮಯಾಲ್ಜಿಯಾ ಎಂಬ ಹೆಸರಿದೆ, ಇದು ಖರೇ ಇರುವ ಬೇನೆ ಎಂದರಂತೆ. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸಮಾಧಾನವಾಗುವಷ್ಟು ಅತ್ತೆ ಎಂದು ಅವರೇ ನನಗೆ ಹೇಳಿದರು.

ನೋವಿಗಿಂತ ಅವರನ್ನು ಹೆಚ್ಚು ಹಣ್ಣು ಮಾಡಿದ್ದು ನಿದ್ದೆಗೇಡು. ಗಂಡ ಒಳ್ಳೆಯವರು. ಹೆಂಡತಿ ಹೊರಳಾಡಿದರೆ ತಾವೂ ಎದ್ದು ಕೂಡುವವರು. ಪ್ರತಿ ಸಲ ಅವರೇ ಸ್ಕೂಟರಿನಲ್ಲಿ ಕರೆತಂದು, ಹೊರಗಿನ ಬಾಕಿನ ಮೇಲೆ ಕೂತು ಬಾಗಿಲ ಕಡೆ ನೋಡುತ್ತಿದ್ದರು.

ಈ ಬೇನೆಯವರಿಗೆ ಜೋರಾಗಿ ಒತ್ತಿದರೆ ಮರುದಿನ ಹಾಸಿಗೆಯಿಂದ ಏಳಲಾಗುವುದಿಲ್ಲ. ಹೂವಿನ ಮೇಲೆ ಕೈಯಾಡಿಸಿದ ಹಾಗೆ ಶುರು ಮಾಡಬೇಕು. ಹಾಗೆಯೇ ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಬೆನ್ನಿಗೆ ಕೈಯಾಡಿಸುತ್ತಿದ್ದಾಗ ಅವರ ಉಸಿರು ನಿಧಾನವಾಯಿತು, ಹೆಗಲು ಸಡಿಲಾಯಿತು, ಆಮೇಲೆ ಸಣ್ಣಗೆ ಗೊರಕೆ ಕೇಳಿಸಿತು. ನಾನು ಉಸಿರು ಬಿಗಿಹಿಡಿದು ಮೇಲೊಂದು ಚಾದರ ಹೊದಿಸಿ, ತುದಿಗಾಲಲ್ಲಿ ಹೊರಗೆ ಬಂದು ಗಂಡನಿಗೆ ಹೇಳಿದೆ, "ಅಕ್ಕಾರಿಗೆ ಗಾಢ ನಿದ್ದಿ ಹತ್ತೇತ್ರಿ."

ಅವರ ಕಣ್ಣು ತುಂಬಿ ಬಂತು. ಕೈಮುಗಿದರು. ಎದ್ದು ಒಳಗೆ ಹೋದರು. ಹೆಂಡತಿಯ ಮುಖವನ್ನೊಮ್ಮೆ ನೋಡಿಕೊಳ್ಳಲಿ ಎಂದು ನಾನೂ ತಡೆಯಲಿಲ್ಲ. ಒಳಗಿನಿಂದ ಅವರ ದನಿ ಕೇಳಿಸಿತು.

"ಏ, ಏಳ. ಎದ್ದ ನೋಡಿಲ್ಲೆ, ನಿನಗ ನಿದ್ದಿ ಹತ್ತೇತಿ."

ಮರುವಾರ ಆ ಹೆಣ್ಣುಮಗಳು ಬಂದವರೇ ನನಗೆ ಹೇಳಿದರು, "ಇವತ್ತ ಮೊದಲ ಇವರನ್ನ ಆ ಕಡೆ ಟೇಬಲ್ಲಿಗೆ ಹಾಕಿ ಮಲಗಿಸ್ರಿ. ಆಮ್ಯಾಲೆ ನನಗ ಕೈ ಹಚ್ಚ್ರಿ."

ಪೈಲ್ವಾನರ ಪಾದ

ಕೆಲಗೇರಿ ಕಡೆಯ ಒಬ್ಬ ಹಳೆಯ ಪೈಲ್ವಾನರು ಬರುತ್ತಾರೆ. ಈಗಲೂ ಬಾಗಿಲಲ್ಲಿ ನಿಂತರೆ ಕೋಣೆಗೆ ಬೆಳಕು ಬರುವುದಿಲ್ಲ. ಅವರನ್ನು ಬಗ್ಗಿಸಿದ್ದು ಸಕ್ಕರೆ ಕಾಯಿಲೆ. ಪಾದಗಳಲ್ಲಿ ಉರಿ, ಕೆಲವೊಮ್ಮೆ ಜುಮುಜುಮು, ಕೆಲವೊಮ್ಮೆ ಏನೂ ಇಲ್ಲ. ಒಂದು ದಿನ ಕೆರೆಯ ದಂಡೆ ಸುತ್ತಿ ಮನೆಗೆ ಬಂದಾಗ ಹೆಂಡತಿ, "ಇನ್ನೊಂದು ಚಪ್ಪಲಿ ಎಲ್ಲಿ?" ಎಂದು ಕೇಳಿದರಂತೆ. ಕಳಚಿ ಬಿದ್ದದ್ದು ಇವರಿಗೆ ಗೊತ್ತೇ ಆಗಿರಲಿಲ್ಲ. ನನಗೆ ಇದನ್ನು ನಗುತ್ತ ಹೇಳಿದರು. ನಗು ಮುಗಿದ ಮೇಲೆ, "ಕಾಲು ಕಳಕೋತೀನೇನ ತಂಗಿ?" ಎಂದು ಮೆಲ್ಲಗೆ ಕೇಳಿದರು.

ಮೊದಲು ಬೆರಳ ಸಂದಿಯಲ್ಲಿ ಗಾಯವಿದೆಯೇ ಎಂದು ನೋಡಿ, ಉಗುರುಬೆಚ್ಚಗಿನ ಎಣ್ಣೆ ಹಚ್ಚಿ ಹಗುರವಾಗಿ ತೀಡಲು ಶುರು ಮಾಡಿದೆ. ಅವರಿಗೆ ಅದು ಅವಮಾನವಾಯಿತು.

"ಜೋರ ತಿಕ್ಕ. ನಮ್ಮ ಉಸ್ತಾದರು ಬೆನ್ನ ಮ್ಯಾಲೆ ಹತ್ತಿ ನಿಂದರತಿದ್ರು."

"ಸಕ್ಕರಿ ಇದ್ದ ಪಾದಕ್ಕ ಜೋರು ನಡಿಯಂಗಿಲ್ಲರಿ ಕಾಕಾ. ನೋವಾದರ ನಿಮಗ ತಿಳಿಯಂಗಿಲ್ಲ, ನನಗೂ ತಿಳಿಯಂಗಿಲ್ಲ."

"ಇದಕ್ಕ ಮಾಲೀಸು ಅಂತಾರೇನ? ಇದು ಕೂಸಿಗೆ ಪೌಡರ್ ಹಚ್ಚಿದಂಗಾತು."

ಹೀಗೆ ಗೊಣಗುತ್ತಲೇ ತಪ್ಪದೆ ಬರುತ್ತಿದ್ದರು. ಮಲಗುವಾಗ ಉರಿ ಸ್ವಲ್ಪ ಕಮ್ಮಿ ಅನಿಸುತ್ತದೆ ಎಂದು ಒಮ್ಮೆ ಗೋಡೆಯ ಕಡೆ ಮುಖ ಮಾಡಿ ಒಪ್ಪಿಕೊಂಡರು. ಅವರ ಗರಡಿಯ ಶಿಷ್ಯರು ಇಬ್ಬರು, ಅವರೂ ಮೀಸೆ ನರೆತವರೇ, ಜೊತೆಗೆ ಬಂದು ಹೊರಗೆ ಕಾಯುತ್ತಿದ್ದರು.

ಒಂದು ದಿನ ಎಣ್ಣೆಗೆ ಜಾರಿ ನನ್ನ ಬೆರಳು ಅಂಗಾಲಿನ ಕುಳಿಗೆ ಸರಿಯಿತು. ಆ ದೊಡ್ಡ ದೇಹವೆಲ್ಲ ಒಮ್ಮೆ ಕುಲುಕಿತು. ಆಮೇಲೆ ಕಿಸಿಕಿಸಿ ನಗು, ಥೇಟ್ ಸಾಲಿ ಹುಡುಗಿಯದು. ನನಗೆ ನಂಬಿಕೆಯಾಗದೆ ಇನ್ನೊಮ್ಮೆ ಬೆರಳು ಆಡಿಸಿದೆ. ಇನ್ನೊಮ್ಮೆ ಕಿಸಿಕಿಸಿ. ಏನೋ ಆಯಿತೆಂದು ಶಿಷ್ಯರು ಒಳಗೆ ಓಡಿ ಬಂದರು. ಗುರುಗಳು ಕಣ್ಣೊರೆಸಿಕೊಳ್ಳುತ್ತಿದ್ದರು.

"ಅಲ್ಲೆ ಇನ್ನೂ ತಿಳೀತೈತಿ ತಂಗಿ," ಎಂದರು ನನಗೆ. ಎಷ್ಟೋ ದಿನದ ಭಯ ಸ್ವಲ್ಪ ಇಳಿದ ಮುಖ ಅದು.

ಆಮೇಲೆ ಶಿಷ್ಯರ ಕಡೆ ತಿರುಗಿ ಗಂಭೀರವಾಗಿ ಹೇಳಿದರು, "ಈ ಪಟ್ಟು ಹೊರಗ ಯಾರಿಗೂ ಹೇಳಬ್ಯಾಡ್ರಿ. ಮಂದಿ ಕಲ್ತರ ನನ್ನ ಯಾರ ಬೇಕಾದವರು ಚಿತ್ ಮಾಡ್ತಾರ."

ಪರದೆಯ ಎರಡು ಕಡೆ

ಕಾಳಿನ ವ್ಯಾಪಾರ ಮಾಡುವ ಅಣ್ಣ ತಮ್ಮ. ಮಾರ್ಕೆಟ್ಟಿನಲ್ಲಿ ಇಬ್ಬರ ಅಂಗಡಿಗಳೂ ಎದುರುಬದುರು. ಅಪ್ಪ ತೀರಿಕೊಂಡ ಮೇಲೆ ಅವರ ಹೆಸರಿನ ಬೋರ್ಡು ಯಾರ ಅಂಗಡಿಗೆ ಎಂಬ ಮಾತಿಗೆ ಜಗಳವಾಗಿ, ಮುಖ ನೋಡುವುದಿಲ್ಲ ಎಂದು ಇಬ್ಬರೂ ಆಣೆ ಇಟ್ಟುಕೊಂಡಿದ್ದರು. ಅವರ ತಾಯಿ ಒಂದು ಹಬ್ಬ ಇವನ ಮನೆಯಲ್ಲಿ, ಒಂದು ಹಬ್ಬ ಅವನ ಮನೆಯಲ್ಲಿ ಉಂಡು, ಎರಡೂ ಕಡೆ ಅರೆಹೊಟ್ಟೆಯಲ್ಲಿ ಏಳುತ್ತಿದ್ದರಂತೆ.

ಅಣ್ಣನಿಗೆ ಸೊಂಟ, ತಮ್ಮನಿಗೆ ಕುತ್ತಿಗೆ ಮತ್ತು ಹೆಗಲು. ಇಬ್ಬರಿಗೂ ಬಹಳ ವರ್ಷಗಳ ನೋವು. ಬೇರೆ ಬೇರೆ ದಿನ ಬರುತ್ತಿದ್ದರು. ಒಂದು ಸಲ ನಮ್ಮ ಗಡಿಬಿಡಿಯಲ್ಲಿ ಇಬ್ಬರಿಗೂ ಒಂದೇ ಹೊತ್ತು ಕೊಟ್ಟುಬಿಟ್ಟೆವು. ಅಣ್ಣ ಮೊದಲು ಬಂದು ಪರದೆಯ ಆ ಕಡೆ ಬೋರಲು ಮಲಗಿದ್ದರು, ನನ್ನ ಸಹೋದ್ಯೋಗಿ ಅವರ ಸೊಂಟಕ್ಕೆ ಕೈಹಚ್ಚಿದ್ದ. ತಮ್ಮ ಬಂದು, ನನ್ನ ಜೊತೆ ಎರಡು ಮಾತಾಡಿ, ಈ ಕಡೆ ಬೋರಲು ಮಲಗಿದರು. ನಾನು ಹೆಗಲು ಹಿಡಿದೆ.

"ಎಡಗಡೆ ಭಾಳ ಬಿಗದೈತ್ರಿ," ಎಂದೆ.

ತಮ್ಮ ಬಾಯಿ ತೆರೆಯುವ ಮೊದಲೇ ಪರದೆಯಾಚೆಯಿಂದ ದನಿ ಬಂತು, "ಬಿಗದ ಇರ್ತೈತ್ರಿ. ಸಣ್ಣಾಂವ ಇದ್ದಾಗ ಪ್ಯಾರಲ ಗಿಡದ ಮ್ಯಾಲಿಂದ ಬಿದ್ದಾನ ಅಂವ."

ನನ್ನ ಕೈಕೆಳಗಿನ ಹೆಗಲು ಕಲ್ಲಾಯಿತು. ಆಮೇಲೆ ತಮ್ಮ ನನಗೆ ಹೇಳಿದರು, "ದೂಡಿದಾಂವ ಯಾರು ಅಂತ ಕೇಳ್ರಿ ಅವರನ್ನ."

ನನ್ನ ಸಹೋದ್ಯೋಗಿ ಅದೇ ಮಾತನ್ನು ಆ ಕಡೆ ಹೇಳಿದ.

"ದೂಡಿಲ್ಲ ಅಂತ ಹೇಳ್ರಿ. ಹಣ್ಣು ಕೊಡು ಅಂತ ಕೈ ಚಾಚಿದ್ದೆ."

"ಎರಡೂ ಕೈಲೆ ಚಾಚಿದ್ದಿಯೇನ?" ಎಂದರು ತಮ್ಮ, ಈ ಸಲ ನನ್ನನ್ನು ಬಿಟ್ಟು ನೇರವಾಗಿ ಪರದೆಗೆ.

ಅಲ್ಲಿಂದ ಮಾತಿಗೆ ಆ ಪೇರಲೆ ಹಣ್ಣಿನ ಗಿಡ ಬಂತು, ಗಿಡದ ಕೆಳಗೆ ಕೋಲು ಹಿಡಿದು ನಿಂತ ಅಪ್ಪ ಬಂದರು, ಆ ರಾತ್ರಿ ತಮ್ಮನ ತೋಳಿಗೆ ಅರಿಶಿನ ಕಟ್ಟುತ್ತ ಇಬ್ಬರನ್ನೂ ಬೈದ ಅವ್ವ ಬಂದರು. ತಮ್ಮನ ಹೆಗಲು ನಾನೇನೂ ಮಾಡದೆಯೇ ಮೆತ್ತಗಾಗುತ್ತಿದ್ದುದು ನನ್ನ ಅಂಗೈಗೆ ತಿಳಿಯುತ್ತಿತ್ತು. ಕೊನೆಗೆ ಅಣ್ಣ ದನಿ ತಗ್ಗಿಸಿ, "ಅವ್ವ ಈಗ ಉಣ್ಣೂದು ಭಾಳ ಕಮ್ಮಿ ಮಾಡ್ಯಾಳಲ್ಲೋ," ಎಂದರು. "ಹೂಂ," ಎಂದರು ತಮ್ಮ.

ಮರುವಾರ ಅದೇ ಹೊತ್ತಿಗೆ ಇಬ್ಬರೂ ಬಂದರು. ನಾನು ತಡೆಯಲಾರದೆ ಕೇಳಿದೆ, "ಮುಖ ನೋಡಂಗಿಲ್ಲ ಅಂತ ಆಣಿ ಇತ್ತಲ್ಲರಿ?"

"ಎಲ್ಲಿ ನೋಡೇವ್ರಿ?" ಎಂದರು ಅಣ್ಣ. "ಇಬ್ಬರೂ ಬೋರಲ ಅದೇವಿ."

ಬೆರಳು ಸಡಿಲಾದದ್ದು

ಧಾರವಾಡದಿಂದ ಒಬ್ಬ ನಿವೃತ್ತ ಟೀಚರಮ್ಮ ಬರುತ್ತಾರೆ. ಮಿಶನ್ ಸಾಲಿಯಲ್ಲಿ ಕಲಿಸಿದವರು, ಹರೆಯದಿಂದಲೂ ತಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಆರ್ಗನ್ ಬಾರಿಸುವವರು. ಸಂಧಿವಾತ ಅವರ ಬೆರಳುಗಳನ್ನೇ ಹಿಡಿದಿತ್ತು. ಬೆಳಿಗ್ಗೆ ಎದ್ದರೆ ಚಹದ ಕಪ್ಪಿನ ಕಿವಿಯೊಳಗೆ ಬೆರಳು ಹೋಗುತ್ತಿರಲಿಲ್ಲ. ಮೊದಲ ದಿನ ಎರಡೂ ಕೈ ನನ್ನ ಮುಂದೆ ಚಾಚಿ, ಪಾಠ ಒಪ್ಪಿಸುವವರ ಹಾಗೆ ಹೇಳಿದರು, "ಕ್ರಿಸ್‌ಮಸ್ ಆದ ಮ್ಯಾಲೆ ಬಾರಸೂದು ಬಿಟ್ಟಬಿಡ್ತೇನಿ ಅಂತ ಚರ್ಚಿನ್ಯಾಗ ಹೇಳೀನಿ. ಅಲ್ಲೀತನಕ ನಡಿಯೂವಂಗ ಮಾಡು. ಹೆಚ್ಚಿಗಿ ಬ್ಯಾಡ."

ಅವರ ಕೀಲುರೋಗದ ಡಾಕ್ಟರನ್ನು ಕೇಳಿದೆವು. ಬಾವು ಏರಿ ಬಿಸಿಯಾದ ದಿನ ಮುಟ್ಟಬೇಡಿ, ಉಳಿದ ದಿನ ಮೆಲ್ಲಗೆ ಮಾಡಿ ಎಂದರು. ಹಾಗೆ ಪ್ರತಿ ಶನಿವಾರ ಸಂಜೆ ಬಿಸಿ ಟವೆಲ್ಲಿನಲ್ಲಿ ಕೈ ಸುತ್ತಿ, ಆಮೇಲೆ ಒಂದೊಂದೇ ಬೆರಳನ್ನು ಬುಡದಿಂದ ತುದಿಗೆ ತೀಡುತ್ತಿದ್ದೆ. ಔಷಧವೂ ಹಿಡಿಯತೊಡಗಿತ್ತು. ನಿಧಾನಕ್ಕೆ ಬೆರಳುಗಳು ಒಂದರಿಂದೊಂದು ದೂರ ಸರಿದವು, ಮಡಚಿದವು. ಒಂದು ಶನಿವಾರ ಅವರು ನನ್ನ ಟೇಬಲ್ಲಿನ ಅಂಚಿನ ಮೇಲೆಯೇ ಏನನ್ನೋ ಬಾರಿಸಿ ನೋಡಿಕೊಂಡರು. "ನಾಳೆ ಚರ್ಚಿಗೆ ಬಾ," ಎಂದರು.

ಹೋದೆ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತೆ. ಟೀಚರಮ್ಮ ಆರ್ಗನ್ ಮುಂದೆ ನೆಟ್ಟಗೆ ಕೂತಿದ್ದರು. ನನಗೆ ತಿಳಿಯದೆ ಇದ್ದ ಒಂದು ಸಂಗತಿ ಏನೆಂದರೆ, ಅವರ ಬೆರಳು ಬಿಗಿಯುತ್ತ ಹೋದಂತೆ ವರ್ಷದಿಂದ ವರ್ಷಕ್ಕೆ ಹಾಡುಗಳೂ ನಿಧಾನವಾಗುತ್ತ ಹೋಗಿದ್ದವು. ಇಡೀ ಸಭೆ ಆ ನಡೆಗೆ ಒಗ್ಗಿಹೋಗಿತ್ತು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಆ ಗೀತೆಗಳ ನಡೆಯೇ ಅಷ್ಟು ಎಂಬ ನಂಬಿಕೆ.

ಟೀಚರಮ್ಮ ಹರೆಯದಲ್ಲಿ ಬಾರಿಸುತ್ತಿದ್ದ ನಡೆಗೆ ಬಾರಿಸಿದರು.

ಸಭೆ ಮೊದಲ ಚರಣದ ಅರ್ಧದಲ್ಲಿತ್ತು, ಆರ್ಗನ್ ಎರಡನೆಯದಕ್ಕೆ ಹೋಯಿತು. ಹರೆಯದವರು ಬೆನ್ನುಹತ್ತಿದರು. ನಡುವಯಸ್ಸಿನವರು ಹಾಡಿನ ಒಂದು ಸಾಲು ಬಿಟ್ಟು ಇನ್ನೊಂದಕ್ಕೆ ಹಾರಿದರು. ಹಿರಿಯರು ಪುಸ್ತಕ ಮುಚ್ಚಿ ಕೂತರು. ಆರ್ಗನ್ ಮುಗಿದ ಮೇಲೂ ಮುಂದಿನ ಸಾಲಿನ ಒಬ್ಬ ಅಜ್ಜ ಕಣ್ಣುಮುಚ್ಚಿ, ಒಬ್ಬರೇ, ತುಂಬು ಭಕ್ತಿಯಿಂದ ಎರಡನೆಯ ಚರಣ ಹಾಡುತ್ತಿದ್ದರು. ಟೀಚರಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ಬೆರಳುಗಳನ್ನು ನೋಡುತ್ತಿದ್ದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನಾನು ಸೆರಗನ್ನು ಬಾಯಿಗೊತ್ತಿ ನಕ್ಕೆ.

ಕ್ರಿಸ್‌ಮಸ್ ಆದ ಮೇಲೂ ಅವರು ಬಿಡಲಿಲ್ಲ. ಬಿಡುವ ಮಾತೇ ಎತ್ತಲಿಲ್ಲ. ಹಾಗೊಂದು ಸೋಮವಾರ ಅವರ ಚರ್ಚಿನ ಪಾಸ್ಟರು ನಮ್ಮ ಕ್ಲಿನಿಕ್ಕಿಗೆ ಬಂದರು. ಎಲ್ಲಿ ನೋವು ಎಂದು ಕೇಳಿದೆ. ತಮಗೇನಿಲ್ಲ ಎಂದರು. ಕುರ್ಚಿಯ ತುದಿಗೆ ಕೂತು, ಆಚೀಚೆ ನೋಡಿ, ದನಿ ತಗ್ಗಿಸಿದರು.

"ಟೀಚರಮ್ಮನ ಕೈಗೆ ಆರಾಮ ಆಗೇತಿ. ಅದಕ್ಕ ದೇವರಿಗೆ ಸ್ತೋತ್ರ, ನಿಮಗೂ ಉಪಕಾರ. ಆದರ ಸಭಾದ ಮಂದಿಗೆ ದಮ್ಮು ಸಾಲವಲ್ದು."

"ಹಂಗಾರ ಮಾಲೀಸು ನಿಲ್ಲಸಬೇಕೇನ್ರಿ?" ಎಂದು ಕೇಳಿದೆ.

"ಛೇ, ಛೇ, ಪಾಪ ಬಂದೀತು," ಎಂದರು ಪಾಸ್ಟರು. "ಮಾಡ್ರಿ. ಆದರ ಹತ್ತೂ ಬೆರಳಿಗೆ ಮಾಡಬ್ಯಾಡ್ರಿ. ಎಂಟಕ್ಕ ಮಾಡ್ರಿ, ಎರಡು ಸಭಾಕ್ಕ ಬಿಡ್ರಿ."