ಅಳಿಯ ಉಜ್ಜಿದ ಮೇಜು

ಕುಕ್ಕರನ್ನು ಒಲೆಯಿಂದ ಇಳಿಸಿ ನೇರವಾಗಿ ಊಟದ ಮೇಜಿನ ಮೇಲೆ ಇಟ್ಟದ್ದು ಗುಮಾಸ್ತರು ಆ ಭಾನುವಾರ ಮಾಡಿದ ಮೊದಲ ತಪ್ಪು. ಎತ್ತಿ ನೋಡಿದರೆ ಪಾಲಿಶಿನ ಮೇಲೆ ಬೆಳ್ಳಗೆ, ದುಂಡಗೆ ಒಂದು ಕಲೆ. ಬೇರೆ ಮೇಜಾಗಿದ್ದರೆ ಹಳೆಯ ಪೇಪರ್ ಹಾಸಿ ಸುಮ್ಮನಾಗುತ್ತಿದ್ದರು. ಇದು ಮಾವ ಮದುವೆಗೆಂದು ಸ್ವಂತ ಕೈಯಿಂದ ಮಾಡಿಕೊಟ್ಟದ್ದು. ಮಾವ ನಲವತ್ತು ವರ್ಷಗಳಿಂದ ಬಡಗಿ. ಅಳಿಯನಿಗೆ ಗೋಡೆಗೊಂದು ಮೊಳೆ ಹೊಡೆಯಲೂ ಬರುವುದಿಲ್ಲವೆಂದು ಹನ್ನೆರಡು ವರ್ಷಗಳಿಂದ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದವರು. ತವರಿಗೆ ಹೋಗಿದ್ದ ಹೆಂಡತಿ ಸಂಜೆ ಆರಕ್ಕೆ ಅವರನ್ನೂ ಜೊತೆಗೆ ಕರೆತರುವವಳಿದ್ದಳು. ಮತ್ತೊಮ್ಮೆ ಅವರೆದುರು ಕೈಲಾಗದವನೆನಿಸಿಕೊಳ್ಳಲು ಗುಮಾಸ್ತರಿಗೆ ಸುತರಾಂ ಮನಸ್ಸಿರಲಿಲ್ಲ.

ಎರಡನೆಯ ತಪ್ಪು, ಮಹಡಿಯ ಮೇಲಿನ ನಿವೃತ್ತ ಓವರ್‌ಸಿಯರ ಕಿವಿಗೆ ಈ ವಿಷಯ ಹಾಕಿದ್ದು. ಓವರ್‌ಸಿಯರು ಯಾವಾಗಲೋ ಬಾಗಿಲು ಬಿಗಿಯಾಯಿತೆಂದು ಒಂದು ಬೆಲ್ಟ್ ಸ್ಯಾಂಡರ್ ಕೊಂಡಿದ್ದರು. ಮರಳು ಕಾಗದದ ಪಟ್ಟಿ ಎರಡು ಉರುಳೆಗಳ ಮೇಲೆ ಗಿರಗಿರನೆ ಓಡುವ ದಪ್ಪ ಯಂತ್ರ. ಬಾಗಿಲು ಸವೆದು ಈಗ ಬೆಕ್ಕು ನುಸುಳುವಷ್ಟು ಸಂದಿಯಾಗಿತ್ತು, ಯಂತ್ರ ಮಾತ್ರ ಬೇರೆ ಕೆಲಸಕ್ಕೆ ಕಾದಿತ್ತು. ಅದನ್ನು ತಂದು ಮೇಜಿನ ಮೇಲಿಟ್ಟು ಪ್ಲಗ್ ಚುಚ್ಚಿದರು. ಸ್ವಿಚ್ಚು ಮೊದಲೇ ಒತ್ತಿಕೊಂಡಿತ್ತು. ಯಂತ್ರ ಮೇಜಿನ ಉದ್ದಕ್ಕೂ ಓಡಿ, ಗೋಡೆಗೆ ಢಿಕ್ಕಿ ಹೊಡೆದು, ನೆಲಕ್ಕೆ ಬಿದ್ದು, ಕುರ್ಚಿಯ ಕೆಳಗೆ ಹೋಗಿ ನಿಂತಿತು.

ಓವರ್‌ಸಿಯರು ಧೃತಿಗೆಡಲಿಲ್ಲ. ಈ ಸಲ ಎರಡೂ ಕೈಯಲ್ಲಿ ಬಲವಾಗಿ ಹಿಡಿದು ಕಲೆಯ ಮೇಲೇ ಒತ್ತಿ ನಿಂತರು. ಕಲೆ ಹೋಯಿತು. ಅದಿದ್ದ ಜಾಗದಲ್ಲಿ ಸಾರು ಬಡಿಸಿಕೊಳ್ಳಬಹುದಾದಷ್ಟು ಹಳ್ಳ ಬಿತ್ತು. ಮಾತ್ರೆ ತೆಗೆದುಕೊಳ್ಳುವ ಹೊತ್ತಾಯಿತೆಂದು ಓವರ್‌ಸಿಯರು ಮಹಡಿ ಹತ್ತಿದರು.

ಸದ್ದು ಕೇಳಿ ಎದುರುಮನೆಯ ಲಾರಿ ಮೆಕ್ಯಾನಿಕ್ ಬಂದ. ಹಳ್ಳ ನೋಡಿ ನಕ್ಕ. ಲಾರಿಯ ಹಳೇ ಬಣ್ಣ ಕೆರೆಯುವ ಡಿಸ್ಕ್ ಸ್ಯಾಂಡರ್ ತನ್ನ ಹತ್ತಿರ ಇದೆಯೆಂದೂ, ಸುತ್ತಲಿನ ಮರವನ್ನು ಹಳ್ಳದ ಮಟ್ಟಕ್ಕೆ ಇಳಿಸಿಬಿಟ್ಟರೆ ಹಳ್ಳವೇ ಇರುವುದಿಲ್ಲವೆಂದೂ ಹೇಳಿದ. ಗುಮಾಸ್ತರಿಗೆ ಆ ಹೊತ್ತಿಗೆ ಅದು ಬಹಳ ಸರಿ ಎನಿಸಿತು. ಗಂಟೆ ನಾಲ್ಕಾಗುವಷ್ಟರಲ್ಲಿ ಹಳ್ಳ ಹೆಚ್ಚುಕಡಿಮೆ ಹೋಗಿ ಮೇಜಿನ ತುಂಬ ಅರ್ಧಚಂದ್ರಾಕಾರದ ಗೀರುಗಳಾಗಿದ್ದವು. ಮನೆಯಲ್ಲಿ ಮರದ ಹುಡಿ ಕೂರದ ವಸ್ತುವೇ ಇರಲಿಲ್ಲ; ಗುಮಾಸ್ತರ ರೆಪ್ಪೆಯ ಮೇಲೂ ಇತ್ತು.

ಐದೂವರೆಗೆ ಪಕ್ಕದ ಮನೆಯ ಅಕ್ಕ ಇಣುಕಿದಳು. ಮರದ ಆಟಿಕೆ ಮಾಡಿ ಅಂಗಡಿಗಳಿಗೆ ಕೊಡುವವಳು. ಮೇಜನ್ನೂ ಗುಮಾಸ್ತರ ಮುಖವನ್ನೂ ನೋಡಿ, ಏನೂ ಕೇಳದೆ ಹೋಗಿ ಅಂಗೈಯಗಲದ ಆರ್ಬಿಟಲ್ ಸ್ಯಾಂಡರ್ ತಂದಳು. ಅದರ ತಟ್ಟೆ ತಿರುಗುತ್ತಲೇ ಸಣ್ಣಗೆ ಅತ್ತಿತ್ತ ಆಡುವುದರಿಂದ ಗೀರು ಉಳಿಯುವುದಿಲ್ಲ, ಒತ್ತಬಾರದು, ಅದರ ಭಾರವೇ ಸಾಕು ಎಂದಳು. ಒರಟು ಕಾಗದ, ನಯ ಕಾಗದ, ಇನ್ನೂ ನಯದ್ದು ಎಂದು ಒಂದಾದ ಮೇಲೊಂದು ಬದಲಿಸಿ ಒಂದು ಮೂಲೆ ಮುಗಿಸಿದಳು. ಆ ಮೂಲೆ ರೇಷ್ಮೆಯಂತಿತ್ತು. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಮಾವ ಚಪ್ಪಲಿ ಬಿಟ್ಟು ನೇರವಾಗಿ ಮೇಜಿನ ಬಳಿ ಹೋದರು. ಹೆಂಡತಿ ಮನೆಯನ್ನು ನೋಡಿ ಬಾಯಿ ತೆರೆದವಳು, ಅಪ್ಪನ ಮುಖ ನೋಡಿ ಮುಚ್ಚಿಕೊಂಡಳು. ಮಾವ ಕಣ್ಣು ಮುಚ್ಚಿ ಅಂಗೈ ಆಡಿಸಿದರು.

"ಇಲ್ಲಿ ಬೆಲ್ಟು ಓಡಿದೆ. ಹಿಡಿದವರು ನಿಂತಲ್ಲೇ ನಿಂತಿದ್ರು," ಎಂದರು. ಕೈ ಮುಂದೆ ಸರಿಯಿತು. "ಇದು ಡಿಸ್ಕು. ಮರ ಮುಟ್ಟಿದ ಕೈ ಅಲ್ಲ ಇದು, ತಗಡು ಕೆರೆಯೋ ಕೈ. ಏನಾಗಿತ್ತು ಮೇಜಿಗೆ?"

ಗುಮಾಸ್ತರು ಕುಕ್ಕರಿನ ವಿಷಯ ಒಪ್ಪಿಕೊಂಡರು.

"ಬೆಳ್ಳಗಿನ ಕಲೆ ತಾನೆ? ಬಟ್ಟೆ ಹಾಸಿ ಮೇಲೆ ಇಸ್ತ್ರಿಪೆಟ್ಟಿಗೆ ಒಂದ್ಸಲ ಆಡಿಸಿದ್ರೆ ಹೋಗ್ತಿತ್ತು."

ಗುಮಾಸ್ತರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಷ್ಟರಲ್ಲಿ ಮಾವನ ಕೈ ಆ ಮೂಲೆಗೆ ಬಂದು ನಿಂತುಬಿಟ್ಟಿತು. ಎರಡು ಸಲ ಸವರಿದರು. ಕಣ್ಣು ತೆರೆದರು.

"ಈ ಮೂಲೆ ಮಾಡಿದ್ದು ಯಾರು?"

ಅಕ್ಕ ಯಂತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಮಾವನ ದನಿಯಲ್ಲಿ ಹನ್ನೆರಡು ವರ್ಷಗಳಲ್ಲಿ ಕೇಳದ ಮೆಚ್ಚುಗೆಯಿತ್ತು. ಗುಮಾಸ್ತರ ನಾಲಿಗೆ ಅವರನ್ನು ಕೇಳದೆಯೇ ಹೊರಳಿತು.

"ನಾನೇ ಮಾವ."

ಮಾವ ಹತ್ತಿರ ಬಂದು ಅಳಿಯನ ಭುಜ ತಟ್ಟಿದರು. ಹೆಂಡತಿಯ ಕಣ್ಣಲ್ಲಿ ನೀರಾಡಿತು. ಗುಮಾಸ್ತರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮದುವೆಯ ದಿನವೂ ಅವರು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

"ನನಗೆ ಈಗ ಕೈ ನಡುಗುತ್ತೆ ಅಳಿಯಂದ್ರೇ. ಶಾಲೆಯವರ ಕೆಲಸ ಒಪ್ಕೊಂಡುಬಿಟ್ಟಿದ್ದೀನಿ, ಅರವತ್ತು ಬೆಂಚು. ಕೊನೇ ಉಜ್ಜಾಟಕ್ಕೆ ಒಳ್ಳೇ ಕೈ ಎಲ್ಲೂ ಸಿಗ್ತಿಲ್ಲ, ಅದನ್ನ ಹುಡುಕೋಕೇ ನಾನು ಈ ಊರಿಗೆ ಬಂದದ್ದು. ಇನ್ನು ಹುಡುಕೋದು ತಪ್ಪಿತು. ಮುಂದಿನ ಭಾನುವಾರದಿಂದ ಬಂದುಬಿಡಿ. ಅದಕ್ಕೆ ಮುಂಚೆ, ಈ ಮೇಜಿನ ಉಳಿದ ಮೂರು ಮೂಲೆ ಮಾಡಿ. ನಾನು ಇಲ್ಲೇ ಕೂತು ನೋಡ್ತೀನಿ."

ಮಾವ ಕುರ್ಚಿಯ ಮೇಲಿನ ಹುಡಿ ಕೊಡವಿ ಕುಳಿತುಕೊಂಡರು. ಗುಮಾಸ್ತರು ಅಕ್ಕನ ಕಡೆ ನೋಡಿದರು. ಅವಳು ಯಂತ್ರವನ್ನು ಭದ್ರವಾಗಿ ಅವರ ಎರಡೂ ಕೈಗಳಲ್ಲಿ ಇಟ್ಟಳು.

"ತಗೊಳ್ಳಿ ಅಣ್ಣಾ," ಎಂದಳು. "ಸ್ವಿಚ್ಚು ಹಿಂದಗಡೆ ಇದೆ."