ನಲವತ್ತೈದು ಇಂಚಿನ ಮೊಳ

೧೯೯೧ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ, ನಾನು ಓದು ಬಿಟ್ಟೆ. ಬಿಟ್ಟಿದ್ದಕ್ಕೆ ನಾಚಿಕೆಯಿಲ್ಲ. ಆದರೆ ಓದು ಬಿಟ್ಟವನಿಗೆ ತಲೆಯೂ ಇರಲಾರದು ಎಂದು ಓದಿದವರು ತೀರ್ಮಾನಿಸಿಕೊಂಡಿರುತ್ತಾರಲ್ಲ, ಅದಕ್ಕೆ ಮೈ ಉರಿಯುತ್ತದೆ. ಹೊರಗಿನವರಾದರೆ ಸಹಿಸಬಹುದು. ನಾನು ಬಡಿಸಿದ ಸಾರನ್ನೇ ಉಣ್ಣುತ್ತ ಮಗಳೂ ಹಾಗೆಂದುಕೊಂಡರೆ?

ಸ್ವಾಹಿಲಿ ಆಡುವ ಈ ಪರದೇಶದ ನ್ಗಾರಾ ಪೇಟೆಯಲ್ಲಿ, ಯೂನಿಫಾರಂ ಹೊಲಿಯುವ ಕಡೆ ನಾನು ಕಟಿಂಗ್ ಮಾಸ್ಟರ್. ಮಗಳು ಅನನ್ಯಾಳ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು: ಯಾವುದಾದರೊಂದು ಅಂಗದ ಇಂಗ್ಲಿಷ್ ಹೆಸರು ಹಿಡಿದು ಅದರ ಮೂಲ ಹುಡುಕಬೇಕು, ಹಿರಿಯರೊಬ್ಬರನ್ನು ಕರೆತಂದು ತರಗತಿಯ ಮುಂದೆ ಇಬ್ಬರೂ ಮಾತಾಡಬೇಕು. ಅವಳು ಆರಿಸಿಕೊಂಡದ್ದು ಎಲ್ಬೋ. ಕರೆದದ್ದು ಮೇಲಿನ ಮನೆಯ, ಬ್ಯಾಂಕಿನ ಶ್ರೀಧರ್ ಅಂಕಲ್ಲನ್ನು.

“ನಾನೇನು ಸತ್ತಿದ್ದೀನೇನೇ?” ಎಂದೆ.

“ಅಪ್ಪಾ, ಇಟ್ಸ್ ಮೆಡೀವಲ್ ಇಂಗ್ಲಿಷ್,” ಎಂದಳು, ಜ್ವರ ಬಂದವನಿಗೆ ಹೇಳುವಂತೆ.

ಓದು ನೋಡೋಣ ಎಂದೆ. ಓದಿದಳು. ಹಿಂದೆ ಆ ಜನ ಮುಂಗೈ ಉದ್ದಕ್ಕೆ ಎಲ್ ಎನ್ನುತ್ತಿದ್ದರಂತೆ, ಅದರಲ್ಲೇ ಬಟ್ಟೆ ಅಳೆಯುತ್ತಿದ್ದರಂತೆ. ಅದು ಬಾಗುವ ಜಾಗವೇ ಎಲ್ಬೋ. ಇದಕ್ಕೆ ಬ್ಯಾಂಕಿನವರು ಬೇಕೆ? ಮೊಳ ಹಾಕುವ ಕೈ ಮಡಚುವ ಜಾಗ ಮೊಳಕೈ ಎಂದು ಮೈಸೂರಿನ ಹೂವಾಡಗಿತ್ತಿಗೂ ಗೊತ್ತು. ಹಾಗೆಂದೆ. ಹುಟ್ಟಿದಾಗಿನಿಂದ ಮೊದಲ ಸಲ ಅವಳು ನನ್ನ ಮಾತನ್ನು ಬರೆದುಕೊಂಡಳು. ಮುಂದೆ ಓದಿದಳು: ಕಾಲ ಕಳೆದಂತೆ ಇಂಗ್ಲೆಂಡಿನ ಎಲ್ ನಲವತ್ತೈದು ಇಂಚಾಯಿತು, ಪಕ್ಕದ ಸ್ಕಾಟ್ಲೆಂಡಿನಲ್ಲಿ ಮೂವತ್ತೇಳು, ಸಮುದ್ರದಾಚೆ ಫ್ಲಾಂಡರ್ಸಿನಲ್ಲಿ ಇಪ್ಪತ್ತೇಳು. ನನಗೆ ಪಿತ್ತ ನೆತ್ತಿಗೇರಿತು. ಮುಂಗೈ ಎಂದಮೇಲೆ ಮುಂಗೈಯಷ್ಟೇ ಇರಬೇಕು. ನಲವತ್ತೈದು ಇಂಚಿನ ಮುಂಗೈಯವನು ನಿಂತಲ್ಲೇ, ಬಗ್ಗದೆ, ಪಾದ ತುರಿಸಿಕೊಳ್ಳಬಹುದು. ಒಂದೇ ಹೆಸರಿಗೆ ಊರಿಗೊಂದು ಅಳತೆ ಇಟ್ಟುಕೊಂಡಿದ್ದವರು, ನಮಗೆ ಅಳತೆ ಕಲಿಸಲೆಂದು ಹಡಗು ಹತ್ತಿ ಬಂದರಲ್ಲ! ಅನ್ನ ಆರಿಹೋಗುವವರೆಗೂ ಬೈದೆ.

“ಶ್ರೀಧರ್ ಅಂಕಲ್‌ಗೆ ಇಷ್ಟು ಸಿಟ್ಟು ಬರಲ್ಲ,” ಎಂದಳು ಅನನ್ಯಾ, ಅಪರೂಪಕ್ಕೆ ಕನ್ನಡದಲ್ಲಿ. ಬರೆದುಕೊಂಡದ್ದನ್ನು ಮಡಚಿಟ್ಟು, “ನೀನೇ ಬಾ,” ಎಂದಳು.

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುತ್ತಿಗೆಗೆ ಟೇಪು ಇಳಿಬಿಟ್ಟು, ಇಲ್ಲಿಯ ಬಾಡಿಗೆ ವ್ಯಾನು ಮಟಾಟು ಎರಡನ್ನು ಬದಲಿಸಿ ಹೋದೆ. ನನ್ನ ಇಂಗ್ಲಿಷಿನಲ್ಲಿ, ಅದು ಸಾಲದ ಕಡೆ ಸ್ವಾಹಿಲಿಯಲ್ಲಿ, ಆ ಕಾಲದ ಬಟ್ಟೆ ವ್ಯಾಪಾರಿಗಳನ್ನೆಲ್ಲ ತರಾಟೆಗೆ ತೆಗೆದುಕೊಂಡೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮಗಳು ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಳು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಮ್ಮ ಮೊಳ ಎಂದರೆ ಸತ್ಯವಾದ ಹದಿನೆಂಟು ಇಂಚು, ಇಗೋ ನನ್ನ ಕೈಯೇ ಸಾಕ್ಷಿ ಎಂದು ತೋಳು ಚಾಚಿಬಿಟ್ಟೆ. ಅವರ ಟೀಚರ್ ವಂಜಿಕು ನಗುತ್ತ ನನ್ನ ಟೇಪನ್ನು ಕೇಳಿ ಪಡೆದು ಅನನ್ಯಾಳ ಕೈಗಿತ್ತರು. ಮೊಳಕೈಯಿಂದ ನಡುಬೆರಳ ತುದಿಯವರೆಗೆ ಅವಳು ಅಳೆದಳು. ಮತ್ತೊಮ್ಮೆ ಅಳೆದಳು. ಆಮೇಲೆ, ನನ್ನ ಮುಖ ನೋಡದೆ, ಇದ್ದದ್ದನ್ನು ಇದ್ದಹಾಗೆ ಎಲ್ಲರಿಗೂ ಹೇಳಿದಳು.

ಈಗ ನನಗಿರುವುದು ಒಬ್ಬಳು ಹೆಂಡತಿ, ಸುಳ್ಳು ಹೇಳದ ಒಬ್ಬಳು ಮಗಳು, ಎರಡು ಕತ್ತರಿ, ಹದಿನಾರೂವರೆ ಇಂಚಿನ ಒಂದು ಮೊಳ.